ಮೊಂಡು ಹಲ್ಲಿನ ಹುಳ

ಸಗಣಿ ಹುಳಗಳನ್ನು ಗುರುತು ಹಿಡಿಯುವುದು ನನ್ನ ಕೆಲಸ ಎಂದರೆ ಜನ ಮೊದಲು ಮೂಗು ಮುರಿಯುತ್ತಾರೆ, ಆಮೇಲೆ ನಗುತ್ತಾರೆ. ನಗಲಿ. ಮ್ಯೂಸಿಯಮ್ಮಿನ ಹಿಂಬದಿಯ ಕೋಣೆಯಲ್ಲಿ, ನುಸಿಗುಳಿಗೆಯ ವಾಸನೆ ಕುಡಿಯುತ್ತ, ಇಪ್ಪತ್ತೇಳು ವರ್ಷ ಕೂತು ಮೂವತ್ತು ಸಾವಿರಕ್ಕೂ ಹೆಚ್ಚು ಹುಳಗಳಿಗೆ ಸೂಜಿ ಚುಚ್ಚಿದ್ದೇನೆ. ಒಂದು ಕಾಲು ತೋರಿಸಿದರೆ ಸಾಕು, ಇದು ಇಂಥದ್ದು ಎಂದು ಹೇಳಬಲ್ಲೆ. ಅಂಥವಳು ಒಂದೇ ಒಂದು ಹುಳವನ್ನು ಬೇಕೆಂದೇ ತಪ್ಪು ಜಾಗದಲ್ಲಿ ಇಟ್ಟೆ. ಬೇರೆ ಯಾರಾದರೂ ಉಪ್ಪು ಖಾರ ಹಚ್ಚಿ ಹೇಳುವುದಕ್ಕಿಂತ ನಾನೇ ಹೇಳಿಬಿಡುವುದು ವಾಸಿ.

ಈ ಕೆಲಸಕ್ಕೆ ನನ್ನನ್ನು ಎಳೆದು ತಂದವಳು ಅಕ್ಕ. ಅವಳು ಕಾಡಿಗೆ ಹೋಗಿ ಹುಳ ಹಿಡಿಯುವವಳು, ನಾನು ಮೇಜಿನ ಮುಂದೆ ಕೂತು ವಿಂಗಡಿಸುವವಳು. ಹಿಡಿಯುವ ವಿಧಾನ ಹೇಳಿದರೆ ನಿಮಗೆ ಊಟ ಸೇರಲಿಕ್ಕಿಲ್ಲ, ಆದರೂ ಹೇಳುತ್ತೇನೆ. ಪ್ಲಾಸ್ಟಿಕ್ ಡಬ್ಬಿಯನ್ನು ಬಾಯಿ ಮೇಲಾಗಿ ನೆಲಮಟ್ಟಕ್ಕೆ ಹೂಳಬೇಕು. ಮೇಲೆ ಅಡ್ಡಕ್ಕೆ ಒಂದು ಕಡ್ಡಿ ಇಟ್ಟು, ತೆಳುಬಟ್ಟೆಯ ಪುಟ್ಟ ಚೀಲದಲ್ಲಿ ಮಲ ಕಟ್ಟಿ ತೂಗುಬಿಡಬೇಕು. ವಾಸನೆ ಹಿಡಿದು ಬಂದ ಹುಳ ಡಬ್ಬಿಯೊಳಗೆ ಬೀಳುತ್ತದೆ. ದನದ ಸಗಣಿಗಿಂತ ಮನುಷ್ಯರದ್ದಕ್ಕೇ ಹುಳ ಹೆಚ್ಚು. ಅಕ್ಕನಿಗೆ ಈ ವಿಷಯದಲ್ಲಿ ನಾಚಿಕೆ ಎಂಬುದೇ ಇರಲಿಲ್ಲ. "ಅಂದ್ರೆ ನನ್ನ ಅಡುಗೆ ಅಷ್ಟು ಚೆನ್ನಾಗಿದೆ ಅಂತ ಅರ್ಥ," ಎನ್ನುತ್ತಿದ್ದಳು. ಆ ಚೀಲಗಳನ್ನು ಹೊಲಿದುಕೊಡುತ್ತಿದ್ದವರು ಭಾವ. ಅವರದು ದರ್ಜಿ ಅಂಗಡಿ. "ಇದಕ್ಕೆ ಅಳತೆ ತಗೊಂಡು ಚೀಲ ಹೊಲಿದ ದರ್ಜಿ ಲೋಕದಲ್ಲಿ ನಾನೊಬ್ಬನೇ ಇರಬೇಕು," ಎಂದು ಗೊಣಗುತ್ತಲೇ ನೂರುಗಟ್ಟಲೆ ಹೊಲಿದುಕೊಟ್ಟರು.

ಅಕ್ಕ ಕೊನೆಯ ಸಲ ಕಾಡಿನಿಂದ ಬಂದಾಗ ಒಂದು ಸೀಸೆಯನ್ನು ಬೇರೆಯಾಗಿ ಕೈಯಲ್ಲೇ ಹಿಡಿದು ತಂದಿದ್ದಳು. ಒಳಗೆ ಸ್ಪಿರಿಟ್ಟಿನಲ್ಲಿ ಆರು ಹುಳ. ಕಪ್ಪು, ಹೆಸರುಕಾಳಿಗಿಂತ ಸ್ವಲ್ಪ ದೊಡ್ಡವು. ನೋಡಲು ಎಲ್ಲ ಡಬ್ಬಿಗಳಿಗೂ ಬೀಳುವ ಅತಿ ಸಾಮಾನ್ಯ ಹುಳದಂತೆಯೇ ಇದ್ದವು.

"ಪುಟ್ಟೀ, ಮುಂಗಾಲು ನೋಡು," ಎಂದಳು.

ಈ ಹುಳಗಳ ಮುಂಗಾಲಿನ ಹೊರ ಅಂಚಿನಲ್ಲಿ ಮಣ್ಣು ಅಗೆಯಲು ನಾಲ್ಕು ಹಲ್ಲುಗಳಿರುತ್ತವೆ. ಸಾಮಾನ್ಯ ಹುಳದಲ್ಲಿ ನಾಲ್ಕೂ ಚೂಪು. ಅಕ್ಕ ತಂದ ಹುಳಗಳಲ್ಲಿ ಮೂರನೆಯದು ಮಾತ್ರ ಮೊಂಡು.

"ಅಗೆದೂ ಅಗೆದೂ ಸವೆದಿದೆ ಅಷ್ಟೇ," ಎಂದೆ.

"ಸವೆದಿದ್ರೆ ನಾಲ್ಕೂ ಸವೀಬೇಕಲ್ವೇನೆ? ಆರಕ್ಕೆ ಆರೂ ಹುಳ ಮೂರನೇದನ್ನೇ ಸವೆಸ್ಕೊಂಡು ಬಂದ್ವಾ?"

ನನ್ನ ತಲೆಯಲ್ಲಿ ಸಗಣಿ ತುಂಬಿದೆಯೇ ಎಂದು ಕೇಳುವ ಧಾಟಿ ಅದು. ನಾನು ಒಂದು ಗಂಡು ಹುಳವನ್ನು ಬಿಸಿನೀರಿನಲ್ಲಿ ನೆನೆಸಿ, ಕೊಕ್ಕೆ ಸೂಜಿಯಿಂದ ಅದರ ಜನನಾಂಗವನ್ನು ಹೊರಗೆಳೆದೆ. ನಮ್ಮ ವೃತ್ತಿಯಲ್ಲಿ ಕೊನೆಯ ಮಾತು ಅದರದ್ದೇ. ಹೊರಗಿನಿಂದ ಅವಳಿಜವಳಿಯಂತಿರುವ ಎರಡು ಹುಳ ಬೇರೆ ಬೇರೆಯೋ ಒಂದೇ ಜಾತಿಯೋ ಎಂದು ಅದು ಹೇಳಿಬಿಡುತ್ತದೆ. ಸಾಮಾನ್ಯ ಹುಳದಲ್ಲಿ ಅದರ ತುದಿ ನೇರ. ಇದರಲ್ಲಿ ಕೊಕ್ಕೆಯಂತೆ ಬಾಗಿತ್ತು. ಇದ್ದಬದ್ದ ಪುಸ್ತಕಗಳನ್ನೆಲ್ಲ ತೆಗೆದು ನೋಡಿದೆ. ಅಂಥ ಹುಳವನ್ನು ಯಾರೂ ಎಲ್ಲೂ ಬರೆದಿರಲಿಲ್ಲ.

ಅಕ್ಕ ಆ ಸಂಜೆ ಭಾವನನ್ನೂ ಕರೆತಂದು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದಳು. ಅವರು ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದರು. "ನಾಲ್ಕು ಗುಂಡಿ ಇರೋ ಅಂಗೀಲಿ ಒಂದು ಕಿತ್ತುಹೋದ ಹಾಗಿದೆ," ಎಂದರು. ಅಕ್ಕ ನಕ್ಕು ನಕ್ಕು ಸುಸ್ತಾದಳು. ಆಮೇಲೆ ನನ್ನ ಕಡೆ ತಿರುಗಿ, "ಸಾರ್‌ಗೆ ಹೇಳಿ ಇದಕ್ಕೆ ನನ್ನ ಹೆಸರು ಇಡಿಸ್ತೀಯಾ? ನಮಗೆ ಮಕ್ಕಳಿಲ್ಲ ಮರಿಯಿಲ್ಲ. ನನ್ನ ಹೆಸರು ಹೇಳೋಕೆ ಒಂದು ಹುಳನಾದ್ರೂ ಇರಲಿ," ಎಂದಳು. ತಮಾಷೆಯಾಗಿಯೇ ಹೇಳಿದಳು, ಆದರೆ ಅದು ತಮಾಷೆಯಲ್ಲ ಎಂದು ನನಗೂ ಗೊತ್ತಿತ್ತು, ಭಾವನಿಗೂ ಗೊತ್ತಿತ್ತು.

ಒಂಬತ್ತು ದಿನಕ್ಕೆ ಅಕ್ಕನಿಗೆ ಜ್ವರ ಬಂತು. ಕಾಡಿನಲ್ಲಿ ಉಣುಗು ಕಚ್ಚಿತ್ತಂತೆ. ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದು ತೀರಿಕೊಂಡಳು. ಜ್ಞಾನ ತಪ್ಪುವ ಮುಂಚೆ ಮತ್ತೆ ಕೇಳಿದಳು, "ಸಾರ್‌ಗೆ ಹೇಳಿದ್ಯಾ?" ನಾನು ಅವಳ ಕೈ ಹಿಡಿದು ಮಾತು ಕೊಟ್ಟೆ. ಮಂಚದ ಆ ಕಡೆ ಭಾವ ನಿಂತಿದ್ದರು.

ಈಗ ಸಾರ್ ವಿಷಯ. ಸಾರ್ ಅಂದರೆ ಆಗ ನಮ್ಮ ವಿಭಾಗದ ಮುಖ್ಯಸ್ಥರು, ದೊಡ್ಡ ಹೆಸರು. ಕಣ್ಣಿಗೆ ಪೊರೆ ಬಂದು ಆರು ವರ್ಷದಿಂದ ಮೈಕ್ರೋಸ್ಕೋಪಿಗೆ ಕಣ್ಣಿಟ್ಟವರಲ್ಲ. ಅಳೆಯುವವಳು ನಾನು, ಚಿತ್ರ ಬರೆಯುವವಳು ನಾನು, ಫೋಟೋ ತೆಗೆಯುವವಳು ನಾನು, ವರ್ಣನೆಯನ್ನು ಟೈಪು ಮಾಡುವವಳೂ ನಾನೇ. ಅವರು ಅಲ್ಲಲ್ಲಿ ಒಂದೊಂದು ಅಲ್ಪವಿರಾಮ ಹಾಕಿ, ಮೇಲೆ ತಮ್ಮ ಹೆಸರು ಹಾಕುತ್ತಿದ್ದರು. ಲೇಖನದಲ್ಲಿ "ಲೇಖಕರು ಖುದ್ದಾಗಿ ಪರೀಕ್ಷಿಸಿದ್ದಾರೆ" ಎಂಬ ಸಾಲೂ ಇರುತ್ತಿತ್ತು. ಅದನ್ನೂ ನಾನೇ ಟೈಪು ಮಾಡುತ್ತಿದ್ದೆ.

ಅಕ್ಕನ ಆಸೆ ಹೇಳಿದಾಗ "ಆಯ್ತಮ್ಮ, ಇಡೋಣ" ಎಂದಿದ್ದರು. ಎರಡು ತಿಂಗಳ ಮೇಲೆ ಕರಡು ನನ್ನ ಮೇಜಿಗೆ ಬಂತು. ಹೆಸರಿನ ಜಾಗದಲ್ಲಿ ಅಕ್ಕ ಇರಲಿಲ್ಲ. ಮ್ಯೂಸಿಯಮ್ಮಿಗೆ ಹೊಸ ಬೀರುಗಳನ್ನು ಕೊಡಿಸಿದ ದೊಡ್ಡ ಮನುಷ್ಯರೊಬ್ಬರ ಹೆಂಡತಿಯ ಹೆಸರಿತ್ತು. ಆ ಹೆಂಗಸು ಹುಳ ಕಂಡರೆ ಕುರ್ಚಿ ಹತ್ತಿ ನಿಲ್ಲುವಂಥವರು.

"ಸಾರ್, ಅಕ್ಕನ ಹೆಸರು ಅಂದಿದ್ರಲ್ಲ."

"ನೋಡಮ್ಮ, ಭಾವನೆ ಬೇರೆ, ಸಂಸ್ಥೆ ಬೇರೆ. ಬೀರು ಇಲ್ದಿದ್ರೆ ಹುಳ ಎಲ್ಲಿಡ್ತೀಯ? ನಿಮ್ಮಕ್ಕನಿಗೆ ಕೊನೇಲಿ ಒಂದು ಸಾಲು ಕೃತಜ್ಞತೆ ಹಾಕಿದ್ರಾಯ್ತು."

"ಅವಳು ಅದಕ್ಕೋಸ್ಕರ ಸತ್ತಿದಾಳೆ ಸಾರ್."

"ಜ್ವರದಿಂದ ಸತ್ತಿದ್ದು," ಎಂದರು, ತಲೆಯೆತ್ತದೆ.

ಹಲ್ಲು ಕಚ್ಚಿಕೊಂಡು ಹೊರಗೆ ಬಂದೆ. ಗೋಡೆಗೆ ಹೇಳಿದರೆ ಗೋಡೆಯಾದರೂ ಸುಮ್ಮನಿರುತ್ತದೆ, ಈ ಮನುಷ್ಯ ತಿದ್ದುತ್ತಾನೆ.

ಇಲ್ಲಿ ನಮ್ಮ ವೃತ್ತಿಯ ಒಂದು ನಿಯಮ ಹೇಳಬೇಕು. ಹೊಸ ಹುಳಕ್ಕೆ ಹೆಸರಿಡುವಾಗ ಒಂದೇ ಒಂದು ಹುಳವನ್ನು ಆರಿಸಿ, ಅದರ ಸೂಜಿಗೆ ಕೆಂಪು ಚೀಟಿ ಚುಚ್ಚುತ್ತೇವೆ. ಆಮೇಲೆ ಹೆಸರು ಸೇರುವುದು ಆ ಹುಳಕ್ಕೆ. ನೀವು ಬರೆದ ವರ್ಣನೆಗಲ್ಲ, ಬಿಡಿಸಿದ ಚಿತ್ರಕ್ಕಲ್ಲ. ಕೆಂಪು ಚೀಟಿಯ ಹುಳ ಹಳೆಯ ಜಾತಿಯದ್ದೇ ಎಂದು ಮುಂದೆ ಯಾರಾದರೂ ತೋರಿಸಿದರೆ ಹೊಸ ಹೆಸರು ಬಿದ್ದುಹೋಗುತ್ತದೆ. ಬಿದ್ದುಹೋದ ಹೆಸರನ್ನು ಅದೇ ಕುಲದ ಇನ್ನೊಂದು ಹುಳಕ್ಕೆ ಇಡುವಂತೆಯೂ ಇಲ್ಲ. ಕೆಲಸ ಕಲಿಯಲು ಬಂದವರಿಗೆಲ್ಲ ನಾನೇ ಈ ಪಾಠ ಹೇಳಿಕೊಟ್ಟಿದ್ದೆ.

ಮಾರನೆಯ ದಿನ ಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋಗಿದ್ದಾಗ, ಅಕ್ಕನ ಆರು ಹುಳಗಳನ್ನು ಒಂದು ಪುಟ್ಟ ಡಬ್ಬಿಗೆ ಹಾಕಿ ಕೆಳಗಿನ ಡ್ರಾಯರಿನ ಹಿಂದೆ ಇಟ್ಟೆ. ಕಾಡಿನಲ್ಲಿ ಅವಳದೇ ಡಬ್ಬಿಗೆ ಬಿದ್ದಿದ್ದ ಸಾಮಾನ್ಯ ಹುಳವೊಂದನ್ನು ತೆಗೆದು ಅದಕ್ಕೆ ಕೆಂಪು ಚೀಟಿ ಚುಚ್ಚಿದೆ. ಬಲಗಡೆಯ ಹಿಂಗಾಲು ಮುರಿದಿದ್ದ ಹುಳ. ಅದರದೇ ಫೋಟೋ ತೆಗೆದೆ, ಅದರದೇ ನಂಬರು ಬರೆದೆ. ವರ್ಣನೆಯನ್ನೂ ಜನನಾಂಗದ ಚಿತ್ರವನ್ನೂ ಮಾತ್ರ ಅಕ್ಕನ ಹುಳದ್ದೇ ಬಿಟ್ಟೆ. ಸಾರ್‌ಗೆ ಒಂದೇ ಹುಳ ಸಿಕ್ಕಿದ್ದು ಎಂದೆ, ಅವರು ಕೇಳಲೂ ಇಲ್ಲ. ನನ್ನ ಲೆಕ್ಕಾಚಾರ ಸರಳವಾಗಿತ್ತು. ಒಂದಲ್ಲ ಒಂದು ದಿನ ಯಾರಾದರೂ ತಿಳಿದವರು ಕೆಂಪು ಚೀಟಿಯ ಹುಳವನ್ನು ಬಿಚ್ಚಿ ನೋಡುತ್ತಾರೆ. ಸಾರ್ ಮಾನ ಹರಾಜಾಗುತ್ತದೆ, ಬೀರುವಿನ ಹೆಂಗಸಿನ ಹೆಸರು ಬಿದ್ದುಹೋಗುತ್ತದೆ. ಮೊಂಡು ಹಲ್ಲಿನ ಹುಳ ಇನ್ನೂ ಹೆಸರಿಲ್ಲದೆ ನನ್ನ ಡ್ರಾಯರಿನಲ್ಲಿರುತ್ತದೆ, ಅಕ್ಕನಿಗಾಗಿ.

ನಮ್ಮಲ್ಲಿ ಇನ್ನೊಂದು ಪದ್ಧತಿಯಿದೆ. ಅಚ್ಚಾಗುವ ತನಕ ಹೊಸ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಬೇರೆಯವರು ಕೇಳಿಸಿಕೊಂಡು ಮೊದಲೇ ಬಳಸಿಬಿಟ್ಟರೆ ಗೊಂದಲ ಎಂದು ಭಯ. ಕರಡು ಹೋದ ಮೇಲೆ ಸಾರ್ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಐದು ತಿಂಗಳಾದ ಮೇಲೆ ಸಾರ್ ತಮ್ಮ ಕೋಣೆಗೆ ಕರೆದರು. ಭಾವ ಅಲ್ಲೇ ಕೂತಿದ್ದರು, ಇಸ್ತ್ರಿ ಮಾಡಿದ ಅಂಗಿ ತೊಟ್ಟು. ಸಾರ್ ಹೇಳಿಕಳಿಸಿದ್ದರಂತೆ. ಮೇಜಿನ ಮೇಲೆ ಅಚ್ಚಾದ ಲೇಖನ ಇತ್ತು.

"ಓದಮ್ಮ," ಎಂದರು.

ಓದಿದೆ. ಅಕ್ಕನ ಹೆಸರು, ಅದಕ್ಕೊಂದು ಲ್ಯಾಟಿನ್ ಬಾಲ.

"ಆಯಮ್ಮ ರಂಪ ಮಾಡಿಬಿಟ್ರು," ಎಂದು ಸಾರ್ ನಗತೊಡಗಿದರು. "ಸಗಣಿ ಹುಳಕ್ಕೆ ನನ್ನ ಹೆಸರಾ, ನನ್ನ ಮರ್ಯಾದೆ ಏನಾಗ್ಬೇಕು ಅಂತ ಗಂಡನ ಜೊತೆ ಜಗಳ ಆಡಿದ್ರಂತೆ. ಕೊನೇ ಪ್ರೂಫಲ್ಲಿ ತೆಗೆದು ನಿಮ್ಮಕ್ಕಂದು ಹಾಕ್ದೆ. ಆಸೆ ತೀರ್ತಲ್ಲ?" ಭಾವನ ಕಡೆ ತಿರುಗಿ, "ಹುಳ ಆರಿಸಿದ್ದು, ಫೋಟೋ ತೆಗೆದಿದ್ದು ಎಲ್ಲ ಇವಳೇ," ಎಂದು ಧಾರಾಳವಾಗಿ ಹೇಳಿದರು.

ಇನ್ನೊಬ್ಬಳು ಮೂಗು ಮುರಿದು ಬಿಟ್ಟದ್ದನ್ನು ನಮ್ಮಕ್ಕನ ತಟ್ಟೆಗೆ ಹಾಕಿದ್ದರು. ಆದರೂ ನಾನು ಅದನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದೆ, ದೇವರಾಣೆ ಒತ್ತಿಕೊಳ್ಳುತ್ತಿದ್ದೆ. ಆ ಮಧ್ಯಾಹ್ನ ನಾನೂ ಎಲ್ಲರ ಜೊತೆ ಊಟಕ್ಕೆ ಹೋಗಿದ್ದಿದ್ದರೆ ಸಾಕಾಗಿತ್ತು. ಭಾವ ಫೋಟೋವಿನ ಮೇಲೆ ಬಗ್ಗಿ ನೋಡುತ್ತಲೇ ಇದ್ದರು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಸಂತೋಷಕ್ಕೆ ಅತ್ತಳು ಎಂದು ಇಡೀ ಮ್ಯೂಸಿಯಂ ತಿಳಿದುಕೊಂಡಿತು.

ಹುಳವನ್ನು ವಾಪಸು ಬದಲಿಸಲು ಆಗುತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ನೂರು ಸಲ ಯೋಚಿಸಿದೆ. ಆದರೆ ಮುರಿದ ಹಿಂಗಾಲಿನ ಸಮೇತ ಫೋಟೋ ಅಚ್ಚಾಗಿ ಹೋಗಿತ್ತು. ನಾನು ಬಲೆಯನ್ನು ಅಷ್ಟು ಅಚ್ಚುಕಟ್ಟಾಗಿ ಹೆಣೆದಿದ್ದೆ. ಯಾರೂ ಬಿಚ್ಚಿ ನೋಡದಿರಲಿ ಎಂದು ಬೇಡಿಕೊಳ್ಳುವುದೊಂದೇ ಉಳಿದಿತ್ತು.

ಭಾವ ಆ ಪುಟಕ್ಕೆ ಕಟ್ಟು ಹಾಕಿಸಿ ಅಂಗಡಿಯಲ್ಲಿ ಹೊಲಿಗೆ ಯಂತ್ರದ ಮೇಲ್ಗಡೆ ನೇತುಹಾಕಿದರು. ಅಳತೆ ಕೊಡಲು ಬಂದವರಿಗೆಲ್ಲ ತೋರಿಸುತ್ತಿದ್ದರು. "ನಮ್ಮನೆಯವಳು," ಎನ್ನುತ್ತಿದ್ದರು, ಹುಳದ ಕಡೆ ಬೆರಳು ಮಾಡಿ. ದಿನಾ ಬೆಳಿಗ್ಗೆ ಗಾಜು ಒರೆಸುತ್ತಿದ್ದರು. ಅದೇ ವರ್ಷ ಹೊಸ ಕನ್ನಡಕ ಮಾಡಿಸಿಕೊಂಡರು. ವಯಸ್ಸಾಯಿತು ನಿಮಗೆ ಎಂದು ನಾನು ಛೇಡಿಸಿದ್ದೆ, ಅವರೂ ಹೌದಮ್ಮ ಹೌದು ಎಂದು ನಕ್ಕಿದ್ದರು.

ನಾಲ್ಕು ವರ್ಷ ಹೀಗೆ ಕಳೆಯಿತು. ಅಷ್ಟರಲ್ಲಿ ಸಾರ್ ನಿವೃತ್ತರಾದರು. ಆಮೇಲೆ ಬೇರೆ ಊರಿನ ವಿಶ್ವವಿದ್ಯಾಲಯದಿಂದ ಒಬ್ಬ ಸಂಶೋಧಕಿ ಬಂದಳು. ಬಹಳ ಮರ್ಯಾದಸ್ಥ ಹುಡುಗಿ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದಳು, ಬೇಡ ಎಂದರೂ ಕೇಳಲಿಲ್ಲ.

"ಮೇಡಂ, ಈ ಲೇಖನದಲ್ಲಿ ಬರಹಕ್ಕೂ ಫೋಟೋಗೂ ತಾಳೆ ಆಗ್ತಿಲ್ಲ," ಎಂದಳು. "ಮೂರನೇ ಹಲ್ಲು ಮೊಂಡು ಅಂತ ಬರೆದಿದಾರೆ. ಫೋಟೋದಲ್ಲಿ ಚೂಪಾಗಿದೆ. ನಮ್ಮ ಕಡೆ ಕಾಡಲ್ಲಿ ಮೊಂಡು ಹಲ್ಲಿಂದು ಹನ್ನೊಂದು ಸಿಕ್ಕಿವೆ. ಅದಕ್ಕೆ ಕೆಂಪು ಚೀಟಿಯ ಹುಳ ನೋಡೋಣ ಅಂತ ಬಂದೆ."

ಬೀರು ತೆಗೆದು, ಪೆಟ್ಟಿಗೆ ತೆಗೆದು, ಅವಳ ಮುಂದೆ ಇಟ್ಟವಳು ನಾನೇ. ನೆನೆಸಲು ಬಿಸಿನೀರು ತಂದುಕೊಟ್ಟವಳೂ ನಾನೇ. ಅವಳ ಕೈ ಚೆನ್ನಾಗಿತ್ತು, ಒಂದು ಕೂದಲೂ ಕೊಂಕಲಿಲ್ಲ. ಹತ್ತು ನಿಮಿಷಕ್ಕೆ ಜನನಾಂಗದ ತುದಿ ಹೊರಗೆ ಬಂತು. ನೆಟ್ಟಗಿತ್ತು.

"ಇದು ಸಾಮಾನ್ಯದ್ದೇ," ಎಂದಳು, ಬೇಸರದಿಂದ. "ಹೆಸರು ಬಿದ್ದುಹೋಗುತ್ತೆ. ಪಾಪ, ಯಾರ ಹೆಸರು ಮೇಡಂ ಇದು?"

"ನಮ್ಮಕ್ಕಂದು."

ಅವಳು ಚಿಮಟವನ್ನು ಕೆಳಗಿಟ್ಟಳು. "ಒಂದು ದಾರಿ ಇದೆ," ಎಂದಳು. "ಹುಳ ಅದಲುಬದಲಾಗಿದೆ ಅಂತ ಸಾರ್ ಒಂದು ಪತ್ರ ಬರೆದುಕೊಟ್ರೆ, ಹೆಸರುಗಳ ನಿಯಮ ನೋಡ್ಕೊಳ್ಳೋ ಸಮಿತಿಗೆ ಕಳಿಸಿ ಕೇಳಬಹುದು. ಒಂದು ತಿಂಗಳು ನಾನು ಕಾಯ್ತೀನಿ."

ಆ ಭಾನುವಾರವೇ ಸಾರ್ ಮನೆಗೆ ಹೋದೆ. ಪೊರೆ ತೆಗೆಸಿಕೊಂಡಿದ್ದರು, ಪೇಪರು ಓದುತ್ತ ಕೂತಿದ್ದರು. ಒಂದೂ ಮುಚ್ಚಿಡದೆ ಎಲ್ಲ ಹೇಳಿದೆ. ಬಯ್ಯುತ್ತಾರೆ, ಹೊರಗೆ ಹಾಕಿಸುತ್ತಾರೆ ಎಂದುಕೊಂಡಿದ್ದೆ. ಅವರು ಬಯ್ಯಲಿಲ್ಲ.

"ಅಂದ್ರೆ ನಾನು ಹುಳ ನೋಡೇ ಇರ್ಲಿಲ್ಲ ಅಂತ ಬರೆದುಕೊಡ್ಬೇಕು," ಎಂದರು.

"ಅದಲುಬದಲಾಗಿದೆ ಅಂತ ಬರೆದ್ರೆ ಸಾಕು ಸಾರ್. ನಾನೇ ಮಾಡ್ದೆ ಅಂತ ಬರೀರಿ. ನನಗೇನೂ ಇಲ್ಲ."

"ಖುದ್ದಾಗಿ ಪರೀಕ್ಷಿಸಿದೀನಿ ಅಂತ ಅಚ್ಚಾಗಿದೆಯಲ್ಲ. ನೋಡಿದ್ದೋನಿಗೆ ಬದಲಾಗಿದ್ದು ಗೊತ್ತಾಗ್ಲಿಲ್ವಾ ಅಂತ ಕೇಳ್ತಾರೆ. ಒಂದು ಹುಳ ತಪ್ಪಾಗಿ ಗುರುತಿಸ್ದೆ ಅಂದ್ರೆ ಅದು ಎಲ್ರೂ ಮಾಡೋ ತಪ್ಪು. ನೋಡ್ಲೇ ಇಲ್ಲ ಅಂದ್ರೆ? ನನ್ನ ಹೆಸರಲ್ಲಿರೋ ನಲವತ್ತು ಹುಳಾನೂ ಬಿಚ್ಚಿ ನೋಡ್ತಾರೆ."

"ಹಾಗಾದ್ರೆ ನಾನೇ ಬರೀತೀನಿ."

"ಬರಿ," ಎಂದು ಪೇಪರು ಮಡಿಸಿದರು. "ಆ ಲೇಖನದಲ್ಲಿ ನಿನ್ನ ಹೆಸರು ಎಲ್ಲಿದೆ?"

ಎಲ್ಲೂ ಇರಲಿಲ್ಲ. ಕೃತಜ್ಞತೆಯ ಸಾಲಿನಲ್ಲಿ ಕೂಡ ಬೀರು ಕೊಡಿಸಿದವರೇ ಇದ್ದರು. ಆದರೂ ಮೂರು ಪುಟ ಬರೆದು ಆ ಸಂಶೋಧಕಿಗೆ ಕಳಿಸಿದೆ. ಡ್ರಾಯರಿನ ಹಿಂದಿದ್ದ ಆರು ಹುಳಗಳ ವಿಷಯವನ್ನೂ ಬರೆದೆ. ಆದರೆ ಸಾರ್ ನನಗಿಂತ ಮುಂಚೆಯೇ ಅವಳಿಗೆ ಬರೆದು ತಿಪ್ಪೆ ಸಾರಿಸಿದ್ದರು. ಹುಳವನ್ನು ತಾವೇ ಆರಿಸಿದ್ದು, ವಯಸ್ಸಿನ ಕಣ್ತಪ್ಪು, ಪಾಪ ಆಕೆ ಅಕ್ಕನ ಮೇಲಿನ ಪ್ರೀತಿಗೆ ಏನೇನೋ ಹೇಳುತ್ತಿದ್ದಾಳೆ ಎಂದು. ಹುಡುಗಿ ಫೋನ್ ಮಾಡಿದಳು.

"ನಾನು ನಿಮ್ಮನ್ನ ನಂಬ್ತೀನಿ ಮೇಡಂ. ಆದ್ರೆ ಬರೆದವರೇ ಅಲ್ಲ ಅಂದ ಮೇಲೆ, ಒಂದು ಡಬ್ಬಿ ಹುಳ ತೋರಿಸಿದ್ರೆ ಯಾರು ಒಪ್ತಾರೆ?"

"ಮೊಂಡು ಹಲ್ಲಿಂದಕ್ಕೆ ಅವಳ ಹೆಸರೇ ಇಡೋಕೆ..." ಎಂದು ಶುರುಮಾಡಿ ನಿಲ್ಲಿಸಿದೆ.

"ಬಿದ್ದುಹೋದ ಹೆಸರು ಮತ್ತೆ ಬರೋ ಹಾಗಿಲ್ಲ. ನಿಮಗೇ ಗೊತ್ತಲ್ಲ," ಎಂದಳು, ಬಹಳ ಮೆತ್ತಗೆ.

ಅವಳ ಲೇಖನ ಕಳೆದ ತಿಂಗಳು ಬಂತು. ಅಕ್ಕನ ಹೆಸರು ಸಾಮಾನ್ಯ ಹುಳದ ಕೆಳಗೆ, ಚಿಕ್ಕ ಅಕ್ಷರದಲ್ಲಿ, ತಪ್ಪುಗಳ ಪಟ್ಟಿಯಲ್ಲಿದೆ. ಅಕ್ಕ ಕಂಡುಹಿಡಿದ ಹುಳಕ್ಕೆ ಮೊಂಡು ಹಲ್ಲಿನದು ಎಂದು ಅರ್ಥ ಬರುವ ಲ್ಯಾಟಿನ್ ಹೆಸರು. ಸರಿಯಾದ ಹೆಸರೇ. ಅಕ್ಕ ಮೊದಲ ದಿನ ತೋರಿಸಿದ್ದೂ ಅದನ್ನೇ.

ಭಾವನಿಗೆ ಬೇರೆಯವರಿಂದ ಗೊತ್ತಾಗಬಾರದು ಎಂದು ಅಂಗಡಿಗೆ ಹೋದೆ. ಪ್ಯಾಂಟಿನ ಅಂಚು ಹೊಲಿಯುತ್ತಿದ್ದರು. ನಾನು ಸ್ಟೂಲಿನ ಮೇಲೆ ಕೂತು, ಆ ಮಧ್ಯಾಹ್ನದಿಂದ ಹಿಡಿದು ಕೊನೆಯ ಫೋನಿನವರೆಗೆ ಹೇಳಿದೆ. ಅವರು ಯಂತ್ರ ತುಳಿಯುವುದನ್ನು ಯಾವಾಗ ನಿಲ್ಲಿಸಿದರೋ ನನಗೆ ಗೊತ್ತಾಗಲಿಲ್ಲ.

"ಗೊತ್ತಿತ್ತು," ಎಂದರು.

"ಏನು ಗೊತ್ತಿತ್ತು?"

"ಅದು ಅವಳ ಹುಳ ಅಲ್ಲ ಅಂತ. ಸಾರ್ ಕೋಣೇಲಿ ಫೋಟೋ ನೋಡ್ದಾಗ್ಲೇ ಗೊತ್ತಾಯ್ತು. ಅವಳು ತೋರಿಸಿದ್ದಳಲ್ಲ, ಒಂದು ಗುಂಡಿ ಕಿತ್ತುಹೋದ ಹಾಗೆ. ಇದ್ರಲ್ಲಿ ನಾಲ್ಕೂ ಚೂಪಾಗೇ ಇತ್ತು."

"ಮತ್ತೆ ಯಾಕೆ ಭಾವ ನನ್ನ ಕೇಳ್ಲಿಲ್ಲ?"

"ನೀನೇ ಆರಿಸಿದ್ದು ಅಂದ್ರು ಸಾರ್. ಅವಳ ಹುಳದಲ್ಲಿ ನಿನ್ನ ಕೈ ತಪ್ಪುತ್ತಾ? ನನ್ನ ಕಣ್ಣೇ ಕೆಟ್ಟಿರ್ಬೇಕು ಅನ್ಕೊಂಡೆ." ಕನ್ನಡಕ ತೆಗೆದು ಮೇಜಿನ ಮೇಲೆ, ಸೀಮೆಸುಣ್ಣದ ಚೂರುಗಳ ಪಕ್ಕ ಇಟ್ಟರು. "ಅದಕ್ಕೇ ಇದನ್ನ ಮಾಡಿಸ್ಕೊಂಡೆ. ಹಾಕ್ಕೊಂಡು ನೋಡಿದ್ರೂ ಹಾಗೇ ಕಾಣ್ತಿತ್ತು. ಅಭ್ಯಾಸ ಆಗುತ್ತೆ ಅಂತ ಸುಮ್ಮನಾದೆ."

ಎದ್ದು, ಸ್ಟೂಲಿನಿಂದ ನನ್ನನ್ನು ಎಬ್ಬಿಸಿ, ಅದರ ಮೇಲೆ ಹತ್ತಿ ಗೋಡೆಯಿಂದ ಕಟ್ಟನ್ನು ಇಳಿಸಿದರು. ಗಾಜನ್ನು ಒಂದು ಚೂರು ಬಟ್ಟೆಯಿಂದ ಒರೆಸಿ, ಹಳೆಯ ಪೇಪರಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು.

"ಇದು ನಿಮ್ಮ ಹತ್ರಾನೇ ಇರ್ಲಿ," ಎಂದರು.

ಇಪ್ಪತ್ತೊಂಬತ್ತು ವರ್ಷದಿಂದ, ಅಕ್ಕನನ್ನು ಮದುವೆಯಾದ ದಿನದಿಂದ, ಅವರು ನನ್ನನ್ನು ಪುಟ್ಟಿ ಎಂದೇ ಕರೆಯುತ್ತಿದ್ದರು. ನನಗೆ ನೀವು ಎಂದು ಬಹುವಚನ ಹಚ್ಚಿದ್ದು ಅವತ್ತೇ ಮೊದಲು. ನಾನು ಕಟ್ಟನ್ನು ಎದೆಗವಚಿಕೊಂಡು ಮೆಟ್ಟಿಲಿಳಿದೆ. ಹಿಂದಿನಿಂದ ಯಂತ್ರ ತುಳಿಯುವ ಸದ್ದು ಶುರುವಾಯಿತು.